ಒತ್ತು ಎಣಿಸಿ ಪುಸ್ತಕ ಆರಿಸಿದ್ದು: ನನ್ನ ಅನುಭವ

ಕಾಗುಣಿತ ಮುಗಿಸಿ ಈಗಷ್ಟೇ ಅಕ್ಷರ ಕೂಡಿಸಿ ಓದುವ ಮಗುವಿಗೆ ಕನ್ನಡ ಪುಸ್ತಕ ಹುಡುಕುವಾಗ ನಾನು ಮೊದಲು ಕ್ರಿಯಾಪದ ನೋಡುತ್ತೇನೆ, ಆಮೇಲೆ ಒತ್ತು, ಅಂದರೆ ಒತ್ತಕ್ಷರ ಎಣಿಸುತ್ತೇನೆ. ಚಿತ್ರ, ಕಥೆ ಎಲ್ಲ ಅದಾದ ಮೇಲೆ. ಇದನ್ನು ಹೇಳಿದಾಗ ನಮ್ಮ ಲೈಬ್ರರಿ ಗುಂಪಿನಲ್ಲಿ ಎಲ್ಲರೂ ನಕ್ಕರು. "ಏನ್ ಮೇಡಂ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒತ್ತು ಆರಿಸ್ತೀರಾ" ಅಂದರು ಒಬ್ಬ ಮೇಷ್ಟ್ರು. ಈಗ ಅದೇ ಮೇಷ್ಟ್ರು ಪುಸ್ತಕ ಮೇಳಕ್ಕೆ ಹೊರಡುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಶುರುವಿನಲ್ಲಿ ನಾವು ಚಂದಾ ಎತ್ತಿ ಒಂಬತ್ತು ಹತ್ತು ಸಾವಿರ ಖರ್ಚು ಮಾಡಿದೆವು. ಅರ್ಧದಷ್ಟು ಹೋದದ್ದು ಮೇಳದಲ್ಲಿ ಸಿಗುವ ನೂರು ರೂಪಾಯಿ ಸೆಟ್ಟುಗಳಿಗೆ. ನಿಮಗೂ ಗೊತ್ತಿರುತ್ತದೆ, ಮಿರಿಮಿರಿ ಮಿಂಚುವ ಹಾಳೆ, ಮುಖಪುಟದಲ್ಲಿ ಸಿಂಹ, ಒಳಗೆ ನೀತಿಕಥೆ. ಮೊದಲ ಸಾಲಿನಲ್ಲೇ ಅರಣ್ಯ, ಎರಡನೆಯದರಲ್ಲಿ ಸ್ನೇಹಿತರು, ಮೂರನೆಯದರಲ್ಲಿ ಬುದ್ಧಿವಂತ ಮಂತ್ರಿ. ಮಕ್ಕಳು ಚಿತ್ರ ನೋಡಿ ಕೆಳಗಿಟ್ಟರು, ಅಷ್ಟೇ. ದಾನವಾಗಿ ಬಂದ ಪುಸ್ತಕಗಳಂತೂ ಬೇಡವೇ ಬೇಡ, ಅದರಲ್ಲಿ ಹಳೆಯ ಗೈಡುಗಳೇ ಜಾಸ್ತಿ.

ಆಮೇಲೆ ಹಂತ ನೋಡಿ ತರೋಣ ಅಂದುಕೊಂಡೆವು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟಿನಲ್ಲಿ ಪುಸ್ತಕಗಳಿಗೆ ನಾಲ್ಕು ಹಂತ ಇವೆ. ಹಂತ 1 ಅಂದರೆ ಹೆಚ್ಚುಕಡಿಮೆ 250 ಪದದ ಒಳಗೆ, ಹಂತ 2 ಅಂದರೆ 600ರ ತನಕ. ಒಳ್ಳೆಯ ವ್ಯವಸ್ಥೆಯೇ, ನಾನು ಇವತ್ತಿಗೂ ಅಲ್ಲಿಂದಲೇ ಹುಡುಕಾಟ ಶುರು ಮಾಡುವುದು. ಆದರೆ ಪದದ ಎಣಿಕೆ ಒಂದನ್ನೇ ನಂಬಿಕೊಂಡರೆ ಕನ್ನಡದಲ್ಲಿ ಕೆಲಸ ಆಗುವುದಿಲ್ಲ. "ಓಡಿಹೋಗುತ್ತಿದ್ದಾಗ" ಅನ್ನುವುದು ನಮಗೆ ಒಂದೇ ಪದ. ಮಗು ಅದರ ಕೊನೆ ಮುಟ್ಟುವಷ್ಟರಲ್ಲಿ ಶುರುವಿನಲ್ಲಿ ಓದಿದ್ದು ಮರೆತಿರುತ್ತದೆ. ಪುಟಕ್ಕೆ ಬರೀ ಐದು ಪದ ಇದ್ದ ಪುಸ್ತಕದಲ್ಲೂ ನಮ್ಮ ಮಕ್ಕಳು ಬೆವರಿದ್ದು ಇದಕ್ಕೇ.

ನನಗೆ ದಾರಿ ಸಿಕ್ಕಿದ್ದು ಕ್ರಿಯಾಪದದಲ್ಲಿ. ಬಂದ, ಹೋದ, ನೋಡಿದ, ತಿಂದಳು, ಓಡಿತು, ಹಾರಿತು, ಕೂಗಿತು. ಇವುಗಳಲ್ಲಿ ಒಂದಾದರೂ ಒತ್ತು ಇದೆಯಾ ನೋಡಿ. ಇಲ್ಲ. ಬಾ, ಹೋಗು, ನೋಡು, ಕೊಡು, ಅದರಲ್ಲೂ ಇಲ್ಲ. ಅದೇ ಕಥೆಯನ್ನು "ಹೋಗುತ್ತಿದ್ದಾಳೆ, ನೋಡುತ್ತಿದ್ದಾಳೆ" ಅಂತ ಬರೆದರೆ ಪ್ರತಿ ವಾಕ್ಯದ ಬಾಲಕ್ಕೂ ಎರಡೆರಡು ಒತ್ತು. ಇಂಗ್ಲಿಷಿನಿಂದ ಬಂದ ಚಿಕ್ಕ ಮಕ್ಕಳ ಪುಸ್ತಕ ತುಂಬಾ ಸಲ ಹೀಗೇ ಇರುತ್ತದೆ, ಅಲ್ಲಿ ಅದು ಸುಲಭ, ಇಲ್ಲಿ ಕಷ್ಟ. ಹಾಗಾಗಿ ಪುಸ್ತಕ ತೆರೆದ ತಕ್ಷಣ ನಡುವಿನ ಎರಡು ಪುಟದಲ್ಲಿ ವಾಕ್ಯದ ಕೊನೆ ಮಾತ್ರ ನೋಡಿಕೊಂಡು ಹೋಗುತ್ತೇನೆ. ನಡೆದುಹೋದ ಕಥೆ, ಅಥವಾ "ಬಾ, ನೋಡು" ಅನ್ನುವ ಮಾತುಕತೆ ಇದ್ದರೆ ಪುಸ್ತಕ ಕೈಯಲ್ಲೇ ಉಳಿಯುತ್ತದೆ.

ಒತ್ತೇ ಇರಬಾರದು ಅಂತ ಹಟ ಮಾಡುವವರೂ ಇದ್ದಾರೆ. ಅದು ಸುಮ್ನೆ ಹಟ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಇಲ್ಲದೆ ಯಾವ ಕಥೆ ಬರೆಯುತ್ತೀರಿ? ಬೆಕ್ಕು, ಹಕ್ಕಿ, ಹಳ್ಳಿ, ಹಣ್ಣು ಎಲ್ಲದರಲ್ಲೂ ಒತ್ತು ಇದೆ, ಆದರೆ ಎಲ್ಲವೂ ಸಜಾತೀಯ, ಅಂದರೆ ಒಂದು ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಮಕ್ಕಳು ಇವನ್ನು ನೋಡಿದ ಕೂಡಲೇ ಹೇಳುತ್ತಾರೆ, ಬಿಡಿಸಿ ಓದುವ ಗೋಜಿಗೇ ಹೋಗುವುದಿಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದಂತೆ ಕಾಣುವುದೇ ಇಲ್ಲ. ಆದರೂ ಅಮ್ಮನಿಂದ ಮ ಒತ್ತು, ಇಲ್ಲ ಅನ್ನುವುದರಿಂದ ಲ ಒತ್ತು ತಾನಾಗಿ ಬಂದುಬಿಡುತ್ತದೆ. ಕ್ರಿಯಾಪದದ ಬಾಲವನ್ನು ಆಗಲೇ ನೋಡಿಯಾಗಿದೆ, ಹಾಗಾಗಿ ಈ ಎಣಿಕೆಯಲ್ಲಿ ಸಜಾತೀಯಕ್ಕೆ ಸೊನ್ನೆ. ವಿಜಾತೀಯ, ಅಂದರೆ ಬೇರೆ ಅಕ್ಷರದ ಒತ್ತು, ಒಂದಕ್ಕೆ ಒಂದು ಅಂಕ. ಸೂರ್ಯ ಅನ್ನುವುದರಲ್ಲಿ ಬರುವಂಥ ಅರ್ಕಾವೊತ್ತಿಗೆ ಎರಡು, ಯಾಕೆಂದರೆ ಅಲ್ಲಿ ಮೊದಲು ಹೇಳಬೇಕಾದ ರಕಾರ ಬರವಣಿಗೆಯಲ್ಲಿ ಆಮೇಲೆ ಬರುತ್ತದೆ, ಮಗು ಕಣ್ಣು ಹಿಂದಕ್ಕೆ ಹಾಯಿಸಬೇಕು. ರಾಷ್ಟ್ರ, ಶಾಸ್ತ್ರದಂಥ ಮೂರು ವ್ಯಂಜನದ ಗಂಟಿಗೆ ಮೂರು. ಆರು ಅಕ್ಷರ ದಾಟಿದ ಪದಕ್ಕೂ ಒಂದು. ನಡುವಿನ ಎರಡು ಪುಟಕ್ಕೆ ನಾಲ್ಕೈದರ ಒಳಗೆ ಬಂದರೆ ಪುಸ್ತಕ ನಮ್ಮ ಲೈಬ್ರರಿಯ ಮೊದಲ ಸಾಲು, ಹತ್ತರ ತನಕ ಎರಡನೇ ಸಾಲು. ಒಂದು ಪುಸ್ತಕಕ್ಕೆ ಎರಡು ನಿಮಿಷವೂ ಬೇಡ.

ಇಲ್ಲಿ ಒಂದು ಪ್ರಯೋಗ ಹೇಳಲೇಬೇಕು. ಆಡುಮಾತಿನಲ್ಲಿ ಬರೆದರೆ ಮಕ್ಕಳಿಗೆ ಇನ್ನೂ ಸುಲಭ ಅಂತ ನಮ್ಮಲ್ಲಿ ಒಬ್ಬರು ವಾದಿಸಿದರು. ಸರಿ, ಒಂದೇ ಕಥೆಯನ್ನು ಎರಡು ಥರ ಬರೆದು ಕೊಟ್ಟೆವು. "ಬರುತ್ತಾನೆ" ಅನ್ನುವುದನ್ನು ಮಕ್ಕಳು ನಿಧಾನವಾಗಿಯಾದರೂ ಓದಿದರು, "ಬರ್ತಾನೆ" ಬಂದ ಕಡೆ ನಿಂತೇಬಿಟ್ಟರು! ಕಾರಣ ಆಮೇಲೆ ಹೊಳೆಯಿತು. ಬಾಯಿಗೆ ಚಿಕ್ಕದಾದದ್ದು ಕಣ್ಣಿಗೆ ದೊಡ್ಡದು. ಹೋಗ್ತಾನೆ, ಮಾಡ್ತಾನೆ ಎಲ್ಲ ವಿಜಾತೀಯ ಆಗಿಬಿಡುತ್ತವೆ, ಬರ್ತಾನೆಯಲ್ಲಿ ಅರ್ಕಾವೊತ್ತೇ ಬಂದು ಕೂರುತ್ತದೆ. ಬೇರೆ ಪದಗಳು ಆಡುಮಾತಿನವೇ ಇರಲಿ, ತಕರಾರಿಲ್ಲ. ಕ್ರಿಯಾಪದ ಮಾತ್ರ ಬೇಡ, ಕನಿಷ್ಠ ಮೊದಲ ಸಾಲಿನ ಪುಸ್ತಕಗಳಲ್ಲಿ.

ಶಿಶುಗೀತೆ ತಂದು ನೋಡಿದೆವು. ಎರಡು ಸಲ ಕೇಳಿದರೆ ಸಾಕು, ಬಾಯಿಪಾಠ, ಪುಸ್ತಕ ತಲೆಕೆಳಗೆ ಹಿಡಿದರೂ ಓದುತ್ತಾರೆ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಗೊತ್ತಾಗುತ್ತದೆ. ಕಾಮಿಕ್ಸ್ ಕೂಡ ಆಗಲಿಲ್ಲ, ಮಾತಿನ ಗುಳ್ಳೆ ಇಕ್ಕಟ್ಟು, ಪದ ಮುರಿದು ಕೆಳಗಿನ ಸಾಲಿಗೆ ಬಿದ್ದಿರುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿಯುವ ಪುಸ್ತಕ ನನ್ನ ಮೊದಲ ಸಾಲಿಗೆ ಬರುವುದೇ ಇಲ್ಲ, ಕಥೆ ಎಷ್ಟೇ ಚೆನ್ನಾಗಿರಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೂ ಅಷ್ಟೇ.

ಒತ್ತು ಕಡಿಮೆ ಇದ್ದ ಮಾತ್ರಕ್ಕೆ ಪುಸ್ತಕ ಒಳ್ಳೆಯದು ಅಂತಲ್ಲ. ಬಸವ ಬಂದ, ಬಸವನ ಸರ ಬಂತು ಅಂತ ಹತ್ತು ಪುಟ ಇದ್ದರೆ ನಾನೂ ಓದಲ್ಲ, ಅವರೂ ಓದಲ್ಲ. ನಾಲ್ಕನೇ ಪುಟದ ಒಳಗೆ ಏನಾದರೂ ಎಡವಟ್ಟು ಆಗಬೇಕು. ಏನೋ ಕಳೆಯಬೇಕು, ಬೀಳಬೇಕು, ಯಾರೋ ಅಡಗಬೇಕು. ಇದು ನನ್ನ ಎರಡನೇ ಜರಡಿ. ಎರಡೂ ದಾಟಿದ ಪುಸ್ತಕ ಹತ್ತರಲ್ಲಿ ಎರಡು ಸಿಕ್ಕರೆ ಅದೃಷ್ಟ.

ಸಿಗದಿದ್ದಾಗ ನಾವೇ ಮಾಡಿದೆವು. ಸ್ಟೋರಿವೀವರ್ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಬರೆದವರು ಮತ್ತು ಚಿತ್ರ ಬಿಡಿಸಿದವರ ಹೆಸರು, ಪರವಾನಗಿಯ ಹೆಸರು ಹಾಕಿ, ತಿದ್ದಿದ್ದೇವೆ ಅಂತಲೂ ತಿಳಿಸಿದರೆ ತಿದ್ದಿ ಅಚ್ಚು ಹಾಕಿಕೊಳ್ಳಬಹುದು. "ಹೋಗುತ್ತಿದ್ದಳು" ತೆಗೆದು "ಹೋದಳು" ಮಾಡಿದೆ, ಉದ್ದ ವಾಕ್ಯ ಕತ್ತರಿಸಿದೆ, ಸಾಲಿಗೆ ಒಂದೇ ವಾಕ್ಯ ಇಟ್ಟೆ. ಮೂರು ಎ4 ಹಾಳೆ ಎರಡೂ ಬದಿ ಮುದ್ರಿಸಿ ಮಡಿಚಿದರೆ ಹನ್ನೆರಡು ಪುಟ. ಬದಿಗೆ ಎರಡು ರೂಪಾಯಿ ಕೊಟ್ಟರೂ ರಟ್ಟು, ಪಿನ್ನು ಸೇರಿ ಹದಿನೈದು ಹದಿನೆಂಟಕ್ಕೆ ಒಂದು ಪುಸ್ತಕ. ಬಣ್ಣದಲ್ಲಿ ಮಾಡಿಸಿ ನೋಡಿದೆವು, ಎಪ್ಪತ್ತು ದಾಟಿತು, ಅಲ್ಲಿಗೇ ಬಿಟ್ಟೆವು. ಕಪ್ಪುಬಿಳುಪಿಗೆ ಗೆರೆಚಿತ್ರವೇ ಆಗಬೇಕು, ಗಾಢ ಬಣ್ಣದ ಚಿತ್ರ ಝೆರಾಕ್ಸಿನಲ್ಲಿ ಮಸಿ ಮುದ್ದೆ ಆಗುತ್ತದೆ. ಮಕ್ಕಳೇ ಅದಕ್ಕೆ ಬಣ್ಣ ತುಂಬಿದರು, ಆ ನೆಪದಲ್ಲಿ ಪುಸ್ತಕ ಇನ್ನೂ ನಾಲ್ಕು ಸಲ ಓದಿದರು.

ಯಾವ ಮಗುವಿಗೆ ಯಾವ ಸಾಲು ಅಂತ ಗೊತ್ತುಮಾಡಲು ನನ್ನ ಹತ್ತಿರ ಒಂದು ಚೀಟಿ ಇದೆ, ಹದಿನೈದು ಇಪ್ಪತ್ತು ಪದದ್ದು. ಅದನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಮಾರನೇ ದಿನವೇ ಯಾರಾದರೂ ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ, ಗೊತ್ತು ನನಗೆ. ಇಷ್ಟು ಹೇಳುತ್ತೇನೆ, ಅದರಲ್ಲಿ ವು ಮತ್ತು ಮ ಪಕ್ಕಪಕ್ಕದಲ್ಲೇ ಬರುತ್ತವೆ.

ಈಗ ತಲೆಬಿಸಿ ಆಗಿರುವುದು ಮಾಹಿತಿ ಪುಸ್ತಕಗಳದ್ದು. ಸೂರ್ಯ, ಚಂದ್ರ, ಗ್ರಹ, ಪ್ರಾಣಿ, ಸಸ್ಯ, ವಿಜ್ಞಾನದ ಬಾಗಿಲಿನಲ್ಲೇ ವಿಜಾತೀಯಗಳ ಸಾಲು. ಹುಡುಗರು ಕೇಳುವುದು ಅವನ್ನೇ. ಸದ್ಯಕ್ಕೆ ಇರುವೆ, ಜೇಡ, ಮಿಡತೆ, ಕಾಗೆ, ಗೂಬೆ, ಗುಬ್ಬಿ ಇರುವ ಪುಸ್ತಕಗಳನ್ನು ಗುಡ್ಡೆ ಹಾಕುತ್ತಿದ್ದೇನೆ. ಗ್ರಹಗಳು ಎರಡನೇ ಸಾಲಿನಲ್ಲಿ ಕಾಯಲಿ.