ಏಣು ದಾಟುವ ಲೆಕ್ಕ: ಕೀವನಾ ಮತ್ತು ಐಲ್ ರಾಯಲ್ ಚಾರಣ

ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪಕ್ಕೆ ಹೊರಡುವವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ನಡೆಯಬಹುದು ಎಂದು. ನಾನು ಕಿಲೋಮೀಟರ್ ಹಿಡಿದು ಯೋಜನೆ ಹಾಕುವುದಿಲ್ಲ. ಆ ದಿನ ಎಷ್ಟು ಏಣು, ಅಂದರೆ ಉದ್ದಕ್ಕೆ ಚಾಚಿದ ಬಂಡೆಯ ದಿಬ್ಬಸಾಲು, ದಾಟಬೇಕು, ಯಾವ ಕಡೆಯಿಂದ ದಾಟಬೇಕು ಎಂದು ನೋಡುತ್ತೇನೆ. ನೀರು ಎಲ್ಲಿ ಸಿಗುತ್ತದೆ, ಮೊಣಕಾಲು ಎಲ್ಲಿ ಸೋಲುತ್ತದೆ, ಬಿಡಾರಕ್ಕೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದೆಲ್ಲ ಆ ಲೆಕ್ಕದಲ್ಲೇ ತಿಳಿಯುತ್ತದೆ.

ಸುಪೀರಿಯರ್ ಸರೋವರದ ದಕ್ಷಿಣ ದಡದಿಂದ ನೀರಿನೊಳಕ್ಕೆ ಚಾಚಿದ ಮಿಶಿಗನ್‌ನ ಕೀವನಾ ಪರ್ಯಾಯ ದ್ವೀಪ ಮತ್ತು ಅದರ ಎದುರಿಗೆ ಸರೋವರದ ನಡುವೆ ಇರುವ ಐಲ್ ರಾಯಲ್, ಇವೆರಡೂ ಸುಮಾರು 110 ಕೋಟಿ ವರ್ಷ ಹಿಂದಿನ ಒಂದೇ ಲಾವಾ ಪದರಗಳ ಎರಡು ಅಂಚುಗಳು. ಪದರಗಳು ನಡುವೆ ಕುಸಿದು ದೊನ್ನೆಯ ಆಕಾರಕ್ಕೆ ಬಂದಿವೆ. ತಳದಲ್ಲಿ ಸರೋವರ ನಿಂತಿದೆ, ಎರಡು ಅಂಚು ಮೇಲೆದ್ದಿವೆ. ಹೀಗಾಗಿ ಐಲ್ ರಾಯಲ್‌ನಲ್ಲಿ ಬಂಡೆ ಆಗ್ನೇಯಕ್ಕೆ ಇಳಿಜಾರು, ವಾಯವ್ಯಕ್ಕೆ ಕಡಿದು. ಕೀವನಾದಲ್ಲಿ ಇದು ತಿರುವುಮುರುವು: ಉತ್ತರಕ್ಕೆ ಮೆಲ್ಲನೆ ಇಳಿಯುತ್ತದೆ, ದಕ್ಷಿಣಕ್ಕೆ ಕಡಿದಾಗಿ ಬೀಳುತ್ತದೆ. ಕಾಪರ್ ಹಾರ್ಬರ್ ಪಕ್ಕದ ಬ್ರಾಕ್‌ವೇ ಬೆಟ್ಟದ ತುದಿಯಲ್ಲಿ ನಿಂತು ಎರಡೂ ಕಡೆ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ದ್ವೀಪಕ್ಕೆ ಹೋಗುವ ಮುನ್ನ ಅದನ್ನೊಮ್ಮೆ ನೋಡಿಕೊಂಡರೆ ಅಲ್ಲಿನ ನಕ್ಷೆ ಓದುವುದು ಸುಲಭ.

ಐಲ್ ರಾಯಲ್ ಸುಮಾರು 72 ಕಿಲೋಮೀಟರ್ ಉದ್ದ, ಅತಿ ಅಗಲವಾದ ಕಡೆ 14 ಕಿಲೋಮೀಟರ್. ಏಣುಗಳೆಲ್ಲ ಈಶಾನ್ಯದಿಂದ ನೈಋತ್ಯಕ್ಕೆ ಸಾಲುಸಾಲಾಗಿ ಓಡುತ್ತವೆ, ನಡುನಡುವೆ ಉದ್ದುದ್ದ ಕೆರೆಗಳು, ಜೌಗು ನೆಲ. ಅತಿ ಎತ್ತರದ ಮೌಂಟ್ ಡೀಸರ್ 425 ಮೀಟರ್. ಸರೋವರದ ಮಟ್ಟವೇ 183 ಮೀಟರ್ ಇರುವುದರಿಂದ ನಿಜವಾದ ಏರು 240 ಮೀಟರ್ ಮಾತ್ರ. ಕುಮಾರಪರ್ವತದಂಥ ಒಂದೇ ಉದ್ದನೆಯ ಏರು ಹತ್ತಿ ರೂಢಿಯಿದ್ದವರಿಗೆ ಈ ಅಂಕಿ ಸಸಾರವಾಗಿ ಕಾಣುತ್ತದೆ. ಅಲ್ಲೇ ಲೆಕ್ಕ ತಪ್ಪುವುದು. ಇಲ್ಲಿ ಒಂದು ದೊಡ್ಡ ಏರಿನ ಬದಲು ದಿನವಿಡೀ ಐವತ್ತು, ಅರವತ್ತು ಮೀಟರಿನ ಏರಿಳಿತಗಳು, ಅದೂ ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು. ಆ ಹೊರೆಯೊಂದಿಗೆ ಏಣಿನ ನೆತ್ತಿಯುದ್ದಕ್ಕೂ ಗಂಟೆಗೆ 3 ಕಿಲೋಮೀಟರ್, ಅಡ್ಡ ದಾಟುವಾಗ 2, ಒದ್ದೆಯಾದ ದಡದ ಬಂಡೆಯ ಮೇಲೆ ಅದಕ್ಕಿಂತ ಕಡಿಮೆ ಎಂದು ಹಿಡಿಯುತ್ತೇನೆ.

ಮೊದಲು ಕೀವನಾದಲ್ಲಿ ಒಂದೆರಡು ದಿನ ಕಾಲು ಪಳಗಿಸಿಕೊಳ್ಳುವುದು ಒಳ್ಳೆಯದು. ಎಸ್ಟಿವಂಟ್ ಪೈನ್ಸ್ ಕಾಡಿನ ಸುತ್ತುಹಾದಿಗಳು ಒಟ್ಟು ಸುಮಾರು 4 ಕಿಲೋಮೀಟರ್. ಹಳೆಯ ಬಿಳಿ ಪೈನ್ ಮರಗಳ ಬೇರುಗಳ ಮೇಲೇ ನಡೆಯಬೇಕು, ದ್ವೀಪದ ಬೇರುಹಾದಿಗೆ ಇದು ಸರಿಯಾದ ತಾಲೀಮು. ಬೇರ್ ಬ್ಲಫ್ ಸುತ್ತು ಸುಮಾರು 5 ಕಿಲೋಮೀಟರ್, ಏರು ಚುರುಕಾಗಿದೆ, ಹೊರೆ ಹೊತ್ತು ಹತ್ತಿದರೆ ಬ್ಯಾಗಿನ ಪಟ್ಟಿ ಎಲ್ಲಿ ಉಜ್ಜುತ್ತದೆ ಎಂದು ಗೊತ್ತಾಗುತ್ತದೆ. ಹಾರ್ಸ್‌ಶೂ ಹಾರ್ಬರ್‌ನ ದಡದಲ್ಲಿ ಲಾವಾ ಬಂಡೆಯಲ್ಲ, ಉರುಟು ಕಲ್ಲುಗಳು ಬೆಸೆದುಕೊಂಡ ಬಂಡೆ. ಅಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪುರಾತನ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳಿವೆ. ನೋಡಿ, ಒಡೆಯಬೇಡಿ. ತುದಿಯ ಹೈ ರಾಕ್ ಬೇಗೆ ಹೋಗುವ ಮಣ್ಣುರಸ್ತೆಯಲ್ಲಿ ಸಣ್ಣ ಕಾರು ಹೊಂಡಕ್ಕೆ ಸಿಕ್ಕಿಬೀಳುತ್ತದೆ, ಫೋನ್ ಸಿಗ್ನಲ್ ಕೂಡ ಇರುವುದಿಲ್ಲ. ನೆಲದಿಂದ ಎತ್ತರವಿರುವ ಗಾಡಿ ಇಲ್ಲದಿದ್ದರೆ ಆ ಆಸೆ ಬಿಡಿ. ಕೀವನಾದಲ್ಲಿ ಕಪ್ಪು ಕರಡಿಗಳಿವೆ, ಆಹಾರ ಡೇರೆಯೊಳಗೆ ಬೇಡ, ಕಾರಿನಲ್ಲಿಡಿ. ಐಲ್ ರಾಯಲ್‌ನಲ್ಲಿ ಕರಡಿ ಇಲ್ಲ.

ದ್ವೀಪದ ರಾಷ್ಟ್ರೀಯ ಉದ್ಯಾನ ಏಪ್ರಿಲ್ 16ರಿಂದ ಅಕ್ಟೋಬರ್ 31ರವರೆಗೆ ಮಾತ್ರ ತೆರೆದಿರುತ್ತದೆ. ಹೌಟನ್‌ನಿಂದ ರೇಂಜರ್ 3 ಹಡಗಿನಲ್ಲಿ ಸುಮಾರು ಆರು ಗಂಟೆ, ಕಾಪರ್ ಹಾರ್ಬರ್‌ನಿಂದ ಮೂರೂವರೆ ಗಂಟೆಯ ಆಸುಪಾಸು. ಮಿನೆಸೋಟದ ಗ್ರ್ಯಾಂಡ್ ಪೋರ್ಟೇಜ್‌ನಿಂದಲೂ ದೋಣಿಗಳಿವೆ. ಆದರೆ ಮಿನೆಸೋಟದ ಗಡಿಯಾರ ದ್ವೀಪದ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ವೇಳಾಪಟ್ಟಿಯಲ್ಲಿರುವುದು ಯಾವ ಸಮಯ ಎಂದು ಮೊದಲೇ ಕೇಳಿಕೊಳ್ಳಿ. ನೀರಿನ ಮೇಲಿಳಿಯುವ ವಿಮಾನ ಬೇಗ ತಲುಪಿಸುತ್ತದೆ, ಆದರೆ ಅದರಲ್ಲಿ ಒಲೆಯ ಇಂಧನ ಒಯ್ಯುವಂತಿಲ್ಲ. ದ್ವೀಪದ ಪೂರ್ವ ತುದಿಯ ರಾಕ್ ಹಾರ್ಬರ್ ಅಥವಾ ಪಶ್ಚಿಮ ತುದಿಯ ವಿಂಡಿಗೋ ಅಂಗಡಿಯಲ್ಲೇ ಕೊಳ್ಳಬೇಕು. ಹಡಗಿನಲ್ಲಾದರೆ ಇಂಧನವನ್ನು ಬ್ಯಾಗಿನಿಂದ ತೆಗೆದು ಬೇರೆಯಾಗಿ ಒಪ್ಪಿಸಬೇಕು, ಹಾಗಾಗಿ ಅದನ್ನು ಬ್ಯಾಗಿನ ಮೇಲ್ಭಾಗದಲ್ಲೇ ಇಡಿ. ಸರೋವರ ಸಮುದ್ರದಂತೆಯೇ ಏಳುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕು, ಅಲೆ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹದಿನಾರು ತುಂಬಿದವರಿಗೆ ಪ್ರವೇಶ ಶುಲ್ಕ ದಿನಕ್ಕೆ 7 ಡಾಲರ್. ಆರು ಜನರವರೆಗಿನ ಗುಂಪಿಗೆ ಬಿಡಾರದ ಪರವಾನಗಿ ಅಲ್ಲೇ ಸಿಗುತ್ತದೆ, ಏಳರಿಂದ ಹತ್ತು ಜನರಿದ್ದರೆ ಮುಂಗಡ ಕಾಯ್ದಿರಿಸಬೇಕು. ಆರರೊಳಗೆ ಹೋಗಿ, ಯೋಜನೆ ಬದಲಿಸುವುದು ಸುಲಭ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ರಾಕ್ ಹಾರ್ಬರ್‌ನಿಂದ ವಿಂಡಿಗೋವರೆಗೆ, ಪೂರ್ವದಿಂದ ಪಶ್ಚಿಮಕ್ಕೆ. ಮೊದಲ ದಿನ ದಡದ ಹಾದಿಯಲ್ಲಿ ಡೇಸಿ ಫಾರ್ಮ್‌ಗೆ 11 ಕಿಲೋಮೀಟರ್. ಮಧ್ಯಾಹ್ನ ದೋಣಿ ಇಳಿದವರು ಅಷ್ಟು ದೂರ ಹೋಗದೆ 4 ಕಿಲೋಮೀಟರ್ ದೂರದ ಥ್ರೀ ಮೈಲ್‌ನಲ್ಲೇ ನಿಲ್ಲಲಿ. ಈ ಹಾದಿ ನಕ್ಷೆಯಲ್ಲಿ ಮಟ್ಟಸ. ಆದರೆ ಬಂಡೆ ಆಗ್ನೇಯಕ್ಕೆ ವಾಲಿರುವುದೂ ಇಲ್ಲೇ, ದಡವಿರುವುದೂ ಆಗ್ನೇಯಕ್ಕೆ. ನೀರಿನ ಕಡೆಗೆ ಓರೆಯಾದ ಹಾಸುಬಂಡೆಯ ಮೇಲೆ ಪಾದವನ್ನು ಒಂದೇ ಕಡೆಗೆ ವಾಲಿಸಿಕೊಂಡು ಗಂಟೆಗಟ್ಟಲೆ ನಡೆಯಬೇಕು. ಮಳೆಯಲ್ಲಿ ಬಂಡೆಗೆ ಹತ್ತಿದ ಕಲ್ಲುಹೂವು ಸಾಬೂನಿನಂತೆ ಜಾರುತ್ತದೆ. ಬಂಡೆಯ ಬಿರುಕುಗಳಲ್ಲಿ ಪಾದ ಇಡಿ, ನಯವಾದ ಬೆನ್ನಿನ ಮೇಲೆ ಇಡಬೇಡಿ.

ಎರಡನೆಯ ದಿನ ಮಾಸ್ಕಿ ಬೇಸಿನ್‌ಗೆ ಸುಮಾರು 6 ಕಿಲೋಮೀಟರ್ ಅಷ್ಟೇ. ಇಷ್ಟು ಕಡಿಮೆ ಇಟ್ಟಿರುವುದು ಬೇಕೆಂತಲೇ. ಹೊಸ ಬೂಟಿನ ಗುಳ್ಳೆಗಳು ಏಳುವುದು ಎರಡನೆಯ ದಿನ, ಈ ದಿನ ಕಾಲಿಗೆ ವಿರಾಮ ಸಿಕ್ಕರೆ ಉಳಿದ ದಾರಿ ಉಳಿಯುತ್ತದೆ. ಮೂರನೆಯ ದಿನ ಲೇಕ್ ರಿಚಿ ಬಳಸಿಕೊಂಡು ಏಣಿನ ಮೇಲೆ ಹತ್ತಿ ವೆಸ್ಟ್ ಚಿಕನ್‌ಬೋನ್‌ಗೆ 10 ಕಿಲೋಮೀಟರ್. ಆಮೇಲೆ ದ್ವೀಪದ ಬೆನ್ನೆಲುಬಿನಂತಿರುವ ಗ್ರೀನ್‌ಸ್ಟೋನ್ ಏಣಿನ ಹಾದಿ ಹಿಡಿದು ಹ್ಯಾಚೆಟ್ ಲೇಕ್, ಸೌತ್ ಲೇಕ್ ಡೀಸರ್, ಒಂದೊಂದೂ ಸುಮಾರು 13. ಕೊನೆಯ 18 ಕಿಲೋಮೀಟರನ್ನು ಐಲೆಂಡ್ ಮೈನ್‌ನಲ್ಲಿ ಮುರಿದು ಎರಡು ದಿನ ಮಾಡಿದರೆ ಹಿತ. ಪಶ್ಚಿಮದ ಈ ಭಾಗ ಮೇಪಲ್ ಮತ್ತು ಹಳದಿ ಬರ್ಚ್ ಮರಗಳ ಕಾಡು, ಮಣ್ಣು ಮೆತ್ತಗೆ, ದಣಿದ ಮೊಣಕಾಲಿಗೆ ಸಹಾಯ. ಪೂರ್ವದಿಂದ ಹೊರಡಲು ನನ್ನ ಮುಖ್ಯ ಕಾರಣ ಇದೇ.

ಏಣಿನ ನೆತ್ತಿಯಲ್ಲಿ ನೀರಿಲ್ಲ. ಬಿಡಾರಗಳೆಲ್ಲ ಕೆಳಗೆ ಕೆರೆಯಂಚಿನಲ್ಲಿವೆ. ನಡುದಾರಿಯಲ್ಲಿ ಬಾಟಲಿ ಬರಿದಾದರೆ ಏಣಿನಿಂದ ಕೆರೆಗೆ ಇಳಿದು ಮತ್ತೆ ಹತ್ತಬೇಕು. ಬೆಳಿಗ್ಗೆ ಹೊರಡುವ ಮುನ್ನ ಅರ್ಧ ಲೀಟರ್ ಕುಡಿದು, ತಲೆಗೆ ಎರಡು ಲೀಟರ್ ತುಂಬಿಕೊಳ್ಳಿ. ಬಿಸಿಲಿನ ದಿನವಾದರೆ ಮೂರು ಲೀಟರ್.

ನೀರನ್ನು ಶುದ್ಧ ಮಾಡುವುದರಲ್ಲಿ ಇಲ್ಲಿ ಒಂದು ವಿಶೇಷವಿದೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ತೋಳ ಮತ್ತು ಮೂಸ್ ಎಂಬ ದೈತ್ಯ ಜಿಂಕೆಯ ನಡುವೆ ಸುತ್ತುವ ಹೈಡಾಟಿಡ್ ಲಾಡಿಹುಳುವಿನ ಮೊಟ್ಟೆ ಈ ನೀರಿನಲ್ಲಿರಬಹುದು. ಕ್ಲೋರಿನ್ ಮಾತ್ರೆ, ಅಯೋಡಿನ್, ಅತಿನೇರಳೆ ದೀಪ, ಇವುಗಳನ್ನು ಅದರ ಮೇಲೆ ನಂಬುವಂತಿಲ್ಲ. 0.4 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರ್ ಬೇಕು, ಇಲ್ಲವೇ ಚೆನ್ನಾಗಿ ಕುದಿಸಬೇಕು. ಒಳಗಿನ ಕೆರೆಗಳ ನೀರು ಚಹಾದ ಬಣ್ಣ, ಹೊಳೆಗೆ ಅಣೆ ಹಾಕುವ ಬೀವರ್ ಎಂಬ ಪ್ರಾಣಿ ಕಟ್ಟಿದ ಹೊಂಡದ್ದಾದರೆ ಫಿಲ್ಟರ್ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲು ಒಗೆದ ಪಂಚೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಹೊತ್ತು ತಿಳಿಯಾಗಲು ಬಿಟ್ಟು, ಆಮೇಲೆ ಫಿಲ್ಟರಿಗೆ ಹಾಕಿ. ಟೊಳ್ಳು ನಾರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಮೇ ಮತ್ತು ಸೆಪ್ಟೆಂಬರ್ ಕೊನೆಯ ರಾತ್ರಿಗಳಲ್ಲಿ ಅದನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ಬೇಸಿಗೆಯ ಕೊನೆಗೆ ಕೆರೆಯ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಂಡರೆ ಆ ನೀರನ್ನು ಮುಟ್ಟಬೇಡಿ, ಅದರ ವಿಷ ಫಿಲ್ಟರಿಗೂ ಕುದಿತಕ್ಕೂ ಹೋಗುವುದಿಲ್ಲ.

ಅಡುಗೆಗೆ ನಮ್ಮ ಕಡೆಯ ತಿನಿಸುಗಳಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ತೂಕಕ್ಕೆ ತಲೆಗೆ ದಿನಕ್ಕೆ 700ರಿಂದ 800 ಗ್ರಾಂ. ತೆಳು ಅವಲಕ್ಕಿಗೆ ಒಲೆಯೇ ಬೇಡ: ಪುಳಿಯೋಗರೆ ಗೊಜ್ಜು ಎರಡು ಚಮಚ, ಹುರಿದ ಶೇಂಗಾ, ಒಂದಿಷ್ಟು ನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಮಧ್ಯಾಹ್ನದ ಊಟ. ಮನೆಯಲ್ಲೇ ರವೆ ಹುರಿದು, ಒಗ್ಗರಣೆ, ಒಣ ತೆಂಗಿನ ತುರಿ, ಉಪ್ಪು ಎಲ್ಲ ಕಲಸಿ ತಲಾ 100 ಗ್ರಾಂ ಪೊಟ್ಟಣ ಕಟ್ಟಿ. 300 ಎಂಎಲ್ ಕುದಿಯುವ ನೀರಿಗೆ ಹಾಕಿ ಒಲೆ ಆರಿಸಿ ಮುಚ್ಚಿಟ್ಟರೆ ಉಪ್ಪಿಟ್ಟು. ಕರಿಬೇವು ಪೂರ್ತಿ ಗರಿಗರಿಯಾಗುವ ತನಕ ಹುರಿಯಬೇಕು, ತೇವ ಉಳಿದರೆ ನಾಲ್ಕನೆಯ ದಿನಕ್ಕೆ ಪೊಟ್ಟಣ ಮುಗ್ಗಲು ಹಿಡಿಯುತ್ತದೆ. ಅಕ್ಕಿ ಒಯ್ಯಬೇಡಿ, ಬೇಯುವಷ್ಟು ಹೊತ್ತು ಗ್ಯಾಸ್ ಉರಿಸುವುದು ದಂಡ. ಇಬ್ಬರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಕುದಿಸಿದರೆ 230 ಗ್ರಾಂ ಡಬ್ಬಿ ಆರು ದಿನಕ್ಕೆ ಸಾಲುತ್ತದೆ, ಒಲೆಗೆ ಗಾಳಿ ತಾಗಿದರೆ ಸಾಲುವುದಿಲ್ಲ. ಬಹಳಷ್ಟು ಬಿಡಾರಗಳಲ್ಲಿ ಸೌದೆ ಬೆಂಕಿ ನಿಷಿದ್ಧ, ಹಾಗಾಗಿ ಒಲೆಯೇ ಗತಿ. ಕಸವೆಲ್ಲ ವಾಪಸ್ ಹೊರಬೇಕು, ಆದ್ದರಿಂದ ಪೊಟ್ಟಣದ ಕಾಗದ, ರಟ್ಟು ಮನೆಯಲ್ಲೇ ಬಿಡಿ.

ಆಹಾರದ ಚೀಲ ಡೇರೆಯಲ್ಲೂ ಬೇಡ, ನೆಲದ ಮೇಲೂ ಬೇಡ. ಕೆಂಪು ನರಿಗಳು ಬೂಟನ್ನೂ ಹೊತ್ತೊಯ್ಯುತ್ತವೆ, ಅಳಿಲು ಬಟ್ಟೆಚೀಲ ಕಡಿಯುತ್ತದೆ. ದ್ವೀಪದಲ್ಲಿ ತೋಳಗಳು 2018ರ ಹೊತ್ತಿಗೆ ಎರಡೇ ಉಳಿದಿದ್ದವು. 2018–19ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದುಬಿಟ್ಟ ಮೇಲೆ ಸಂತತಿ ಮತ್ತೆ ಬೆಳೆದಿದೆ. ಅವಕ್ಕೆ ಮನುಷ್ಯರ ಊಟದ ರುಚಿ ಹತ್ತಿದರೆ ಕೆಡುಕು ಅವಕ್ಕೇ. ಪ್ರಾಣಿಗಳು ತೆರೆಯಲಾಗದ ಗಟ್ಟಿ ಡಬ್ಬಿ ಒಯ್ಯಿರಿ, ಆ ವರ್ಷದ ನಿಯಮವನ್ನು ದಡದಲ್ಲಿ ರೇಂಜರ್ ಹೇಳುವಾಗ ಕಿವಿಗೊಟ್ಟು ಕೇಳಿ. ನಿಜವಾಗಿ ಎಚ್ಚರ ಬೇಕಿರುವುದು ಮೂಸ್ ಬಗ್ಗೆ. ಮೇ, ಜೂನ್‌ನಲ್ಲಿ ಕರುವಿನ ತಾಯಿ, ಸೆಪ್ಟೆಂಬರ್ ನಡುವಿನಿಂದ ಬೆದೆಗೆ ಬಂದ ಗಂಡು. ಕಿವಿ ಹಿಂದಕ್ಕೆ ಮಡಚಿ, ಹೆಗಲ ಮೇಲಿನ ಕೂದಲು ನಿಮಿರಿತೆಂದರೆ ದಪ್ಪ ಮರದ ಹಿಂದೆ ಸೇರಿಕೊಳ್ಳಿ. ಹಾದಿಗೆ ಅಡ್ಡ ನಿಂತಿದ್ದರೆ ಅದು ತಾನಾಗಿ ಹೋಗುವವರೆಗೂ ಕಾಯಬೇಕು.

ಕಾಲ ಯಾವುದು ಒಳ್ಳೆಯದೆಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರ. ಜೂನ್‌ನಲ್ಲಿ ಕಪ್ಪು ನೊಣ, ಸೊಳ್ಳೆ ಎರಡೂ ಮುತ್ತುತ್ತವೆ, ತಲೆಗೆ ಬಲೆ ಇಲ್ಲದೆ ಊಟ ಮಾಡಲಾಗದು. ಆಗಸ್ಟ್‌ನಲ್ಲಿ ಥಿಂಬಲ್‌ಬೆರ್ರಿ ಹಣ್ಣಾಗಿರುತ್ತದೆ, ಕೆಂಪಗೆ, ಹುಳಿ ಮುಂದಾಗಿ. ಅದೇ ಗಿಡ ಏಣಿನ ಹಾದಿಗೆ ಸೊಂಟದೆತ್ತರ ಬಾಗಿ, ರಾತ್ರಿಯ ಇಬ್ಬನಿಯನ್ನೆಲ್ಲ ಬೆಳಿಗ್ಗೆ ಪ್ಯಾಂಟಿಗೆ ಇಳಿಸಿ, ಅಲ್ಲಿಂದ ಬೂಟಿನೊಳಕ್ಕೆ ಹರಿಸುತ್ತದೆ. ಆಕಾಶ ತಿಳಿಯಾಗಿದ್ದರೂ ಮೊದಲ ಎರಡು ಗಂಟೆ ಮಳೆಪ್ಯಾಂಟ್ ಹಾಕಿಕೊಂಡೇ ನಡೆಯಿರಿ. ಜೌಗಿನ ಮೇಲಿನ ಹಲಗೆಹಾದಿ ಕಿರಿದು, ಕೆಲವು ವಾಲಿವೆ. ಊರುಗೋಲಿನ ತುದಿ ಹಲಗೆಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಕೋಲುಗಳನ್ನು ಎತ್ತಿ ಹಿಡಿಯಿರಿ.

ದ್ವೀಪದ ಉತ್ತರ ಭಾಗದ ಮಿನಾಂಗ್ ಏಣಿನ ಹಾದಿಯನ್ನು ಮೊದಲ ಸಲಕ್ಕೆ ಆರಿಸಬೇಡಿ. ಬೋಳು ಬಂಡೆಯ ಮೇಲೆ ಹಾದಿ ಎಂದರೆ ಅಲ್ಲಲ್ಲಿ ಪೇರಿಸಿದ ಸಣ್ಣ ಕಲ್ಲುಗುಪ್ಪೆಗಳು, ಅಷ್ಟೇ. ಒಂದು ಗುಪ್ಪೆಯ ಬಳಿ ನಿಂತು ಮುಂದಿನದು ಕಣ್ಣಿಗೆ ಬಿದ್ದ ಮೇಲೇ ಹೆಜ್ಜೆ ಕೀಳಬೇಕು. ಬೀವರ್ ಅಣೆಕಟ್ಟೆಗಳ ಮೇಲೆ ದಾಟಬೇಕಾಗುತ್ತದೆ, ಮಳೆ ಜೋರಾದ ವರ್ಷ ನೀರು ಅದರ ಮೇಲೂ ಹರಿಯುತ್ತದೆ. ನಾರ್ತ್ ಲೇಕ್ ಡೀಸರ್‌ನಿಂದ ವಿಂಡಿಗೋಗೆ ಸುಮಾರು 20 ಕಿಲೋಮೀಟರ್, ನಡುವೆ ಬಿಡಾರವಿಲ್ಲ. ಬೆಳಕು ಹರಿಯುತ್ತಲೇ ಹೊರಟರೆ ಮಾತ್ರ ಸಂಜೆಯೊಳಗೆ ಸೇರಬಹುದು.

ಕೆಲವು ಬಿಡಾರಗಳಲ್ಲಿ ಮೂರು ಗೋಡೆ, ಎದುರಿಗೆ ಸೊಳ್ಳೆಪರದೆ ಇರುವ ಮರದ ಆಸರೆಗಳಿವೆ. ಮೊದಲು ಬಂದವರಿಗೆ ಮೊದಲು. ಮಧ್ಯಾಹ್ನ ಎರಡರೊಳಗೆ ತಲುಪಿದರೆ ಸಾಮಾನ್ಯವಾಗಿ ಸಿಗುತ್ತದೆ, ಆದರೂ ಡೇರೆ ಬಿಟ್ಟು ಹೋಗುವಂತಿಲ್ಲ. ದ್ವೀಪದಲ್ಲಿ ಫೋನನ್ನು ನಂಬಬೇಡಿ, ಉಪಗ್ರಹದ ಸಂದೇಶ ಸಾಧನ ಗುಂಪಿಗೊಂದಿರಲಿ.

ಮರಳುವ ದೋಣಿ ಅಥವಾ ವಿಮಾನಕ್ಕೆ ಹಿಂದಿನ ರಾತ್ರಿಯೇ ದಡದ ಬಿಡಾರ ಸೇರಿರಿ. ಮಂಜು ಮುಸುಕಿದರೆ ವಿಮಾನ ಏಳುವುದಿಲ್ಲ, ಗಾಳಿ ಎದ್ದರೆ ಸಣ್ಣ ದೋಣಿ ಹೊರಡುವುದಿಲ್ಲ. ಎರಡು ದಿನದ ಅವಲಕ್ಕಿ, ಶೇಂಗಾ ಚಿಕ್ಕಿ ಬ್ಯಾಗಿನ ತಳದಲ್ಲಿ ಬಿಚ್ಚದೆ ಉಳಿಸಿಕೊಂಡಿರಿ, ಊರಿಗೆ ಮರಳುವ ವಿಮಾನದ ಟಿಕೆಟ್ಟನ್ನು ದ್ವೀಪ ಬಿಡುವ ದಿನಕ್ಕೇ ತೆಗೆಯಬೇಡಿ.