ಜೀಬ್ರಾ ಮಸೆಲ್ ಒಳಗೆ ಹುಳ ಇದ್ಯಾ ಅಂತ ನೋಡೋದು ಹೇಗೆ

ಯುರೋಪಿನ ನದಿ, ಕೆರೆಗಳಲ್ಲಿ ಕಲ್ಲಿಗೆ ಗೊಂಚಲು ಗೊಂಚಲಾಗಿ ಅಂಟ್ಕೊಂಡಿರೋ ಪಟ್ಟೆ ಪಟ್ಟೆ ಚಿಪ್ಪು ನೋಡಿರ್ತೀರ, ಅದೇ ಜೀಬ್ರಾ ಮಸೆಲ್, ಮೂಲ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೇದು. ಎಳೆದು ಕೀಳ್ಬೇಡಿ, ಅಂಟಿರೋ ನಾರನ್ನ ಬ್ಲೇಡಲ್ಲಿ ಕತ್ತರಿಸಿ.

ಮೊದ್ಲು ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿ ಕೆರೆ ನೀರು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಲೋಟದ ಹಿಂದೆ ಕಪ್ಪು ಕಾಗದ ಹಿಡಿದು ಲೆನ್ಸಲ್ಲಿ ನೋಡಿ, ಎರಡು ಉದ್ದ ಬಾಲ ಚಾಚ್ಕೊಂಡು ತೇಲೋ ಹುಳದ ಮರಿ ಕಂಡ್ರೆ ಅದು ಬ್ಯುಸೆಫಾಲಸ್ ಅನ್ನೋ ಪರಾವಲಂಬಿ ಚಪ್ಪಟೆ ಹುಳ ಇರ್ಬಹುದು, ಆ ಹೆಸರಿಗೆ ಎತ್ತಿನ ತಲೆ ಅಂತ ಅರ್ಥ, ಆ ಬಾಲಗಳು ನಿಜವಾಗ್ಲೂ ಕೊಂಬಿನ ಥರಾನೇ ಇರ್ತವೆ!

ಆಮೇಲೆ ಚಿಪ್ಪು ಮುಚ್ಚೋ ಸ್ನಾಯು ಕತ್ತರಿಸಿ ಬಿಚ್ಚಿ. ಬೀಜಕೋಶದ (ಮೊಟ್ಟೆ, ವೀರ್ಯ ಹುಟ್ಟೋ ಅಂಗ) ಜಾಗದಲ್ಲಿ ಬಿಳಿ ದಾರ ಕವಲೊಡೆದು ಹೆಣೆದ್ಕೊಂಡಿದ್ರೆ ಅದೇ ಹುಳ, ಅಂಥ ಮಸೆಲ್‌ಗೆ ಮರಿ ಮಾಡೋ ಶಕ್ತೀನೇ ಹೋಗಿರತ್ತೆ. ಕಿವಿರಲ್ಲಿ ಬಿಳಿ ಚೀಲಗಳಿದ್ರೆ ಫಿಲ್ಲೋಡಿಸ್ಟೋಮಮ್ ಅನ್ನೋ ಇನ್ನೊಂದು ಪರಾವಲಂಬಿ ಚಪ್ಪಟೆ ಹುಳ ಇರ್ಬಹುದು. ಮೈಮೇಲೆ ಸಣ್ಣ ಮುಳ್ಳುಕೂದಲಿದ್ದು ತೆವಳೋದು ಕೀಟೋಗ್ಯಾಸ್ಟರ್, ಅದು ಎರೆಹುಳದ ಬಳಗ, ಗೊಂದಲ ಮಾಡ್ಕೋಬೇಡಿ. ಹತ್ತು ಬಿಚ್ಚಿ ಹುಳ ಇಲ್ಲ ಅಂತ ಬರೀಬೇಡಿ, ನೂರಾದ್ರೂ ನೋಡಿ, ಸೋಂಕು ತುಂಬಾ ಕಮ್ಮಿ ಇರತ್ತೆ.

ಬ್ಯುಸೆಫಾಲಸ್ ಹುಳಾನೇ ಬಿಟ್ಟು, ಹಬ್ಬಿ ಕಾಟ ಕೊಡೋ ಮಸೆಲ್ ಕೊಲ್ಲೋಣ ಅಂತ ಮಾತ್ರ ಯಾರೂ ಹೊರಡ್ಬೇಡಿ ದಯವಿಟ್ಟು, ಅದು ಮುಂದೆ ಕಾರ್ಪ್ ಜಾತಿ ಮೀನಿಗೆ, ಅಲ್ಲಿಂದ ಅದನ್ನ ತಿನ್ನೋ ಪರ್ಚ್, ಜಾಂಡರ್‌ಗೆ ಹೋಗತ್ತೆ.

ಕೆಲಸ ಆದ್ಮೇಲೆ ಲೋಟದ ನೀರು ಚೆನ್ನಾಗಿ ಕುದಿಸಿ ಚೆಲ್ಲಿ, ಬೂಟು, ಬಲೆ ಪೂರ್ತಿ ಒಣಗೋವರೆಗೂ ಇನ್ನೊಂದು ಕೆರೆಗೆ ಇಳೀಬೇಡಿ.