ಬೇಸ್‌ಬಾಲ್ ಋತುವಿನ ಸಿಂಹಾವಲೋಕನ ಬರೆಯುವ ಬಗೆ: 2023ರ ಟೆಕ್ಸಸ್ ರೇಂಜರ್ಸ್ ನಿದರ್ಶನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. 30 ತಂಡಗಳ ಪಂದ್ಯಗಳೆಲ್ಲ ಸೇರಿದರೆ 2,430 ಆಗುತ್ತವೆ. ಇಷ್ಟು ದೊಡ್ಡ ರಾಶಿಯ ಎದುರು ಕುಳಿತ ಬರಹಗಾರ ಸಾಮಾನ್ಯವಾಗಿ ಟ್ರೋಫಿ ಎತ್ತಿದ ರಾತ್ರಿಯಿಂದ ಬರವಣಿಗೆ ಆರಂಭಿಸುತ್ತಾನೆ, ಆಗ ಆರು ತಿಂಗಳ ಆಟವೆಲ್ಲ ಕೊನೆಯ ನಾಲ್ಕು ವಾರಗಳ ಪೀಠಿಕೆಯಾಗಿಬಿಡುತ್ತದೆ. ತಂಡ ನಿಜಕ್ಕೂ ಹೇಗೆ ಆಡಿತು ಎಂಬುದನ್ನು ಮೊದಲು ರನ್‌ಗಳ ಲೆಕ್ಕದಿಂದ ಅರಿತುಕೊಂಡು, ಗೆಲುವಿನ ಸಂಖ್ಯೆ ಆ ಲೆಕ್ಕಕ್ಕೆ ಏಕೆ ಹೊಂದಲಿಲ್ಲ ಎಂಬುದನ್ನು ಋತುವನ್ನು ತುಂಡುಗಳಾಗಿ ಒಡೆದು ಹುಡುಕಿ, ಋತುವಿನ ನಂತರದ ನಾಕೌಟ್ ಹಂತವಾದ ಪ್ಲೇಆಫ್ ಅನ್ನು ಪ್ರತ್ಯೇಕ ಅಧ್ಯಾಯವಾಗಿ ಬರೆಯುವ ಕ್ರಮವನ್ನು ನಾನು ಸೂಚಿಸುತ್ತೇನೆ. ನಿದರ್ಶನಕ್ಕೆ 2023ರ ಋತುವನ್ನೂ ಆ ವರ್ಷ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ (ಚಾಂಪಿಯನ್ನರನ್ನು ನಿರ್ಧರಿಸುವ ಅಂತಿಮ ಸರಣಿ) ಗೆದ್ದ ಟೆಕ್ಸಸ್ ರೇಂಜರ್ಸ್ ತಂಡವನ್ನೂ ತೆಗೆದುಕೊಂಡಿದ್ದೇನೆ.

ಬರೆಯುವ ಮುನ್ನ ಆ ವರ್ಷದ ನಿಯಮಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಬೇಕು. 2023ರಲ್ಲಿ ಪಿಚ್ ಕ್ಲಾಕ್ ಜಾರಿಗೆ ಬಂತು: ಬೇಸ್‌ಗಳಲ್ಲಿ (ರನ್ ಗಳಿಸಲು ಓಟಗಾರ ಸುತ್ತಬೇಕಾದ ನಿಲ್ದಾಣಗಳಲ್ಲಿ) ಯಾರೂ ಇಲ್ಲದಿದ್ದರೆ 15 ಸೆಕೆಂಡು, ಓಟಗಾರರಿದ್ದರೆ 20 ಸೆಕೆಂಡುಗಳೊಳಗೆ ಪಿಚರ್ ಚೆಂಡೆಸೆಯಲು ತೊಡಗಬೇಕಾಯಿತು. ಬೇಸ್‌ನ ಅಗಲ 15 ಅಂಗುಲದಿಂದ 18 ಅಂಗುಲಕ್ಕೆ ಏರಿತು, ಪಿಚರ್ ಓಟಗಾರನನ್ನು ತಡೆಯಲು ಬೇಸ್‌ನತ್ತ ಚೆಂಡೆಸೆಯುವುದಕ್ಕೂ ಮಿತಿ ಬಂತು. ಇದರ ಫಲವಾಗಿ ಒಂಬತ್ತು ಇನಿಂಗ್ಸ್‌ಗಳ ಪಂದ್ಯದ ಸರಾಸರಿ ಅವಧಿ ಸುಮಾರು 3 ಗಂಟೆ 4 ನಿಮಿಷಗಳಿಂದ 2 ಗಂಟೆ 40 ನಿಮಿಷಗಳಿಗೆ ಇಳಿಯಿತು. ಕದ್ದ ಬೇಸ್‌ಗಳ (ಹೊಡೆತದ ನೆರವಿಲ್ಲದೆ ಓಟಗಾರ ಓಡಿ ಪಡೆದ ಮುಂದಿನ ಬೇಸ್‌ಗಳ) ಸಂಖ್ಯೆ 2,486ರಿಂದ 3,503ಕ್ಕೆ ಜಿಗಿಯಿತು. ಅಟ್ಲಾಂಟಾ ಬ್ರೇವ್ಸ್‌ನ ರೊನಾಲ್ಡ್ ಅಕುನ್ಯಾ ಜೂನಿಯರ್ 41 ಹೋಮ್ ರನ್ (ಸಾಮಾನ್ಯವಾಗಿ ಮೈದಾನದ ಬೇಲಿ ದಾಟುವ ಹೊಡೆತ) ಹೊಡೆದು 73 ಬೇಸ್ ಕದ್ದದ್ದು ಅಸಾಧಾರಣ ಸಾಧನೆಯೇ ಸರಿ, ಆದರೆ ಆ 73ನ್ನು ಹಿಂದಿನ ವರ್ಷಗಳ ಅಂಕಿಗಳ ಪಕ್ಕದಲ್ಲಿಡುವಾಗ ನಿಯಮ ಬದಲಾದ ಸಂಗತಿಯನ್ನೂ ಅದೇ ವಾಕ್ಯದಲ್ಲಿ ಹೇಳುವುದು ಓದುಗರಿಗೆ ತೋರುವ ಪ್ರಾಮಾಣಿಕತೆ.

ಮುಂದಿನ ಹೆಜ್ಜೆ ರನ್‌ಗಳ ಲೆಕ್ಕ. ಇಡೀ ಸಿಂಹಾವಲೋಕನದ ಬೆನ್ನೆಲುಬು ಇದೇ ಎಂದು ನಾನು ನಂಬಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ತೋರಿಸುತ್ತೇನೆ. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ರೂಪಿಸಿದ ಸರಳ ಸೂತ್ರವೊಂದಿದೆ: ತಂಡ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ರನ್‌ಗಳ ವರ್ಗ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗ ಇವೆರಡರ ಮೊತ್ತದಿಂದ ಭಾಗಿಸಿದರೆ, ಅಂಥ ತಂಡ ಸಾಮಾನ್ಯವಾಗಿ ಎಷ್ಟು ಪಾಲು ಪಂದ್ಯಗಳನ್ನು ಗೆಲ್ಲುತ್ತದೆ ಎಂಬ ಅಂದಾಜು ಸಿಗುತ್ತದೆ. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ 2023ರಲ್ಲಿ 752 ರನ್ ಗಳಿಸಿ 648 ರನ್ ಬಿಟ್ಟುಕೊಟ್ಟಿತು. 752ರ ವರ್ಗ 5,65,504. 648ರ ವರ್ಗ 4,19,904. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.574, ಅದನ್ನು 162ರಿಂದ ಗುಣಿಸಿದರೆ ಸುಮಾರು 93 ಗೆಲುವು. ಆದರೆ ತಂಡ ಗೆದ್ದದ್ದು 82, ಪ್ಲೇಆಫ್ ಕೈತಪ್ಪಿತು. ಅದೇ ಲೀಗ್‌ನ ಮಯಾಮಿ ಮಾರ್ಲಿನ್ಸ್ 666 ರನ್ ಗಳಿಸಿ 723 ಬಿಟ್ಟುಕೊಟ್ಟಿತು; ಸೂತ್ರದ ಪ್ರಕಾರ ಸುಮಾರು 74 ಗೆಲುವು ಬರಬೇಕಿತ್ತು, ಬಂದದ್ದು 84, ಜೊತೆಗೆ ಪ್ಲೇಆಫ್ ಸ್ಥಾನ. ಅಂಕಪಟ್ಟಿಯನ್ನಷ್ಟೇ ನೋಡಿದವರು ಮಯಾಮಿ ಮೇಲು ಎನ್ನುತ್ತಾರೆ. ರನ್‌ಗಳು ಬೇರೆಯೇ ಮಾತನ್ನು ಹೇಳುತ್ತವೆ.

ಈ ಅಂತರ ಕಂಡಕೂಡಲೇ ಅದನ್ನು ಅದೃಷ್ಟವೆಂದು ಬರೆದು ಮುಂದೆ ಸಾಗಬಾರದು, ಅದು ಎಲ್ಲಿಂದ ಬಂತು ಎಂದು ಹುಡುಕಬೇಕು. ಒಂದೇ ರನ್ ಅಂತರದಲ್ಲಿ ಮುಗಿದ ಪಂದ್ಯಗಳಲ್ಲಿ ಮಾರ್ಲಿನ್ಸ್ 33 ಗೆದ್ದು 14 ಸೋತಿತು. ಪ್ಯಾಡ್ರೆಸ್ 9 ಗೆದ್ದು 23 ಸೋತಿತು. ಹೆಚ್ಚುವರಿ ಇನಿಂಗ್ಸ್‌ಗೆ ಹೋದ 14 ಪಂದ್ಯಗಳಲ್ಲಿ ಪ್ಯಾಡ್ರೆಸ್‌ಗೆ ದಕ್ಕಿದ್ದು ಎರಡು ಮಾತ್ರ. ಕೊನೆಯ ಇನಿಂಗ್ಸ್‌ಗಳಲ್ಲಿ ಬುಲ್‌ಪೆನ್ (ಬದಲಿ ಪಿಚರ್‌ಗಳ ಪಡೆ) ಹೇಗಿತ್ತು, ಓಟಗಾರರು ಬೇಸ್‌ನಲ್ಲಿದ್ದಾಗ ಬ್ಯಾಟರ್‌ಗಳು ಏನು ಮಾಡಿದರು ಎಂಬ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ, ಮತ್ತು ಸಿಂಹಾವಲೋಕನಕ್ಕೆ ಬೇಕಾದ ತಿರುಳು ಆ ಪ್ರಶ್ನೆಗಳಲ್ಲಿದೆ.

ಈ ಕನ್ನಡಿಯಲ್ಲಿ ರೇಂಜರ್ಸ್ ತಂಡವನ್ನು ನೋಡಿದರೆ ಅದು ಗಳಿಸಿದ 881 ಮತ್ತು ಬಿಟ್ಟುಕೊಟ್ಟ 716 ರನ್‌ಗಳು ಸುಮಾರು 98 ಗೆಲುವುಗಳ ತಂಡವನ್ನು ಸೂಚಿಸುತ್ತವೆ, ಗೆದ್ದದ್ದಾದರೋ 90. ಹಾಗಾಗಿ ಈ ತಂಡ ಹೇಗೋ ಹಿಂಬಾಗಿಲಿನಿಂದ ಬಂದು ಟ್ರೋಫಿ ಹೊತ್ತೊಯ್ದಿತು ಎಂಬ ಮಾತಿಗೆ ಆಧಾರ ಸಾಲದು. ಏಪ್ರಿಲ್‌ನಿಂದಲೇ ಅದರ ಬ್ಯಾಟಿಂಗ್ ಲೀಗ್‌ನ ಅತ್ಯುತ್ತಮಗಳಲ್ಲಿ ಒಂದಾಗಿತ್ತು.

ಆನಂತರ ಋತುವನ್ನು ತುಂಡುಗಳಾಗಿ ಒಡೆಯಬೇಕು. ಕ್ಯಾಲೆಂಡರ್‌ನ ತಿಂಗಳುಗಳಿಗಿಂತ ತಂಡದ ಸ್ಥಿತಿ ಬದಲಾದ ದಿನಗಳನ್ನು ಹಿಡಿಯುವುದು ಮೇಲು: ಗಾಯ, ಆಟಗಾರರ ವಿನಿಮಯ, ಸಾಲು ಸೋಲು. ಐದು ವರ್ಷಗಳಿಗೆ 185 ದಶಲಕ್ಷ ಡಾಲರ್ ಕೊಟ್ಟು ತಂದಿದ್ದ ಜೇಕಬ್ ಡಿಗ್ರಾಮ್ ಆರೇ ಪಂದ್ಯಗಳಲ್ಲಿ ಪಿಚಿಂಗ್ ಮಾಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದದ್ದು ಒಂದು ಗಡಿಗೆರೆ. ಜುಲೈ ಕೊನೆಯಲ್ಲಿ ಮ್ಯಾಕ್ಸ್ ಶೆರ್ಜರ್ ಮತ್ತು ಜೋರ್ಡನ್ ಮಾಂಟ್‌ಗೊಮರಿ ತಂಡ ಸೇರಿದ್ದು ಇನ್ನೊಂದು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ 20 ಪಂದ್ಯಗಳಲ್ಲಿ 16 ಸೋತದ್ದು ಮೂರನೆಯದು, ಮತ್ತು ಅದರೊಳಗೇ ಹೂಸ್ಟನ್ ಆಸ್ಟ್ರೋಸ್ ತವರಿಗೆ ಬಂದು ಮೂರು ದಿನ 13-6, 14-1, 12-3ರಿಂದ ಬಗ್ಗುಬಡಿದ ಸರಣಿಯಿದೆ. ಇಂಥ ಸರಣಿಯನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ. ಮೂರು ದಿನಗಳಲ್ಲಿ 39 ರನ್ ಬಿಟ್ಟುಕೊಟ್ಟ ತಂಡ ಎರಡು ತಿಂಗಳೊಳಗೆ ಚಾಂಪಿಯನ್ ಆಯಿತು ಎಂಬ ಸಂಗತಿಯನ್ನು ಓದುಗರು ಆ ಮೂರು ಅಂಕಿಗಳ ಮುಂದೆ ನಿಂತು ಅನುಭವಿಸಬೇಕು.

ಕೊನೆಯ ದಿನಕ್ಕೂ ಅಷ್ಟೇ ಗಮನ ಬೇಕು. ಅಕ್ಟೋಬರ್ 1ರಂದು ರೇಂಜರ್ಸ್ ಸಿಯಾಟಲ್‌ನಲ್ಲಿ 1-0ರಿಂದ ಸೋತಿತು, ಆಸ್ಟ್ರೋಸ್ ಗೆದ್ದಿತು. ಎರಡೂ ತಂಡಗಳು 90 ಗೆಲುವು, 72 ಸೋಲುಗಳೊಂದಿಗೆ ಸಮನಾದವು. ಪರಸ್ಪರ ಪಂದ್ಯಗಳಲ್ಲಿ 9-4 ಮುಂದಿದ್ದ ಆಸ್ಟ್ರೋಸ್ ಡಿವಿಷನ್ (ಲೀಗ್‌ನೊಳಗಿನ ಗುಂಪು) ಪಟ್ಟವನ್ನೂ ಪ್ಲೇಆಫ್‌ನ ಮೊದಲ ಸುತ್ತಿನ ವಿನಾಯಿತಿಯನ್ನೂ ಪಡೆಯಿತು. ಸೆಪ್ಟೆಂಬರ್‌ನ ಆ ಮೂರು ಸೋಲುಗಳು ಇಲ್ಲಿ ಬಂದು ತಟ್ಟಿದ್ದನ್ನು ತೋರಿಸಿದರೆ ಬರಹಕ್ಕೆ ತಾನಾಗಿಯೇ ಬಿಗಿ ಬರುತ್ತದೆ.

ಆಟಗಾರರ ವಿಷಯದಲ್ಲಿ ಎಲ್ಲರನ್ನೂ ಹೆಸರಿಸುವ ಹಂಬಲ ಬೇಡ. ಇಬ್ಬರು ಮೂವರನ್ನು ಆರಿಸಿ, ಒಬ್ಬರ ಅಂಕಿ ಇನ್ನೊಬ್ಬರದನ್ನು ಬೆಳಗುವಂತೆ ಇಡಬೇಕು. ಮಾರ್ಕಸ್ ಸೆಮಿಯನ್ 162 ಪಂದ್ಯಗಳನ್ನೂ ಆಡಿ 29 ಹೋಮ್ ರನ್ ಹೊಡೆದರು. ಕೋರಿ ಸೀಗರ್ ಗಾಯಗಳಿಂದಾಗಿ 119 ಪಂದ್ಯಗಳಲ್ಲೇ 33 ಹೋಮ್ ರನ್ ಹೊಡೆದು .327 ಬ್ಯಾಟಿಂಗ್ ಸರಾಸರಿ ಕಾಯ್ದುಕೊಂಡರು. ಪ್ರತಿದಿನ ಲಭ್ಯವಿರುವ ಆಟಗಾರ ಹೆಚ್ಚೋ, ಇದ್ದಷ್ಟು ದಿನ ಹೆಚ್ಚು ಕೊಡುವವನು ಹೆಚ್ಚೋ ಎಂಬ ಪ್ರಶ್ನೆಯನ್ನು ಈ ಜೋಡಿ ತಾನಾಗಿ ಎತ್ತುತ್ತದೆ. ಪಿಚರ್‌ಗಳ ಗೆಲುವು-ಸೋಲಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಬಳಸಿ, ಏಕೆಂದರೆ ಅದರಲ್ಲಿ ಸಹ ಆಟಗಾರರ ಬ್ಯಾಟಿಂಗ್‌ನ ಪಾಲೂ ಇದೆ: ಪ್ಯಾಡ್ರೆಸ್‌ನ ಬ್ಲೇಕ್ ಸ್ನೆಲ್ 14 ಗೆಲುವಿಗೇ ನಿಂತರೂ 2.25ರ ಇಆರ್‌ಎಯಿಂದ (ಒಂಬತ್ತು ಇನಿಂಗ್ಸ್‌ಗೆ ಪಿಚರ್‌ನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು, ಅದೇ ವರ್ಷ ಎಲ್ಲರಿಗಿಂತ ಹೆಚ್ಚು, ಅಂದರೆ 99 ವಾಕ್‌ಗಳನ್ನೂ (ಪಿಚರ್‌ನ ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಕೊಟ್ಟರು.

ಪ್ಲೇಆಫ್ ಅಧ್ಯಾಯದಲ್ಲಿ ತೀರ್ಪು ಕೊಡುವ ಅವಸರ ಒಳ್ಳೆಯದಲ್ಲ. ಆ ಅಕ್ಟೋಬರ್‌ನಲ್ಲಿ 104 ಪಂದ್ಯ ಗೆದ್ದಿದ್ದ ಬ್ರೇವ್ಸ್, 101 ಗೆದ್ದಿದ್ದ ಬಾಲ್ಟಿಮೋರ್ ಓರಿಯೋಲ್ಸ್, 100 ಗೆದ್ದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ಮೂವರೂ ತಮ್ಮ ಮೊದಲ ಸರಣಿಯಲ್ಲೇ ಹೊರಬಿದ್ದರು. ಐದು ಪಂದ್ಯಗಳ ಸರಣಿಯ ಫಲಿತಾಂಶ 162 ಪಂದ್ಯಗಳ ದುಡಿಮೆಯನ್ನು ಸುಳ್ಳಾಗಿಸುವುದಿಲ್ಲ, ಆದ್ದರಿಂದ ಎರಡನ್ನೂ ಬೇರೆ ಬೇರೆ ಅಳತೆಗೋಲಿನಲ್ಲಿ ಅಳೆಯಬೇಕು. ರೇಂಜರ್ಸ್ ಪರಸ್ಥಳದಲ್ಲಿ ಆಡಿದ 11 ಪ್ಲೇಆಫ್ ಪಂದ್ಯಗಳನ್ನೂ ಗೆದ್ದಿತು. ತವರಿನಲ್ಲಿ ಆಡಿದ ಆರರಲ್ಲಿ ಎರಡನ್ನಷ್ಟೇ ಗೆದ್ದಿತು. ಇಲ್ಲಿ ಒಂದೇ ಒಂದು ಪಂದ್ಯವನ್ನು ಹತ್ತಿರದಿಂದ ಬರೆದರೆ ಸಾಕು. ನಾನಾದರೆ ಅರಿಜೋನಾ ಡೈಮಂಡ್‌ಬ್ಯಾಕ್ಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನು ಆರಿಸುತ್ತೇನೆ: ಒಂಬತ್ತನೆಯ ಇನಿಂಗ್ಸ್‌ನಲ್ಲಿ 5-3 ಹಿಂದಿದ್ದಾಗ ಸೀಗರ್ ಎರಡು ರನ್‌ಗಳ ಹೋಮ್ ರನ್ ಹೊಡೆದು ಸಮ ಮಾಡಿದರು, ಹನ್ನೊಂದನೆಯದರಲ್ಲಿ ಅಡೋಲಿಸ್ ಗಾರ್ಸಿಯಾ ಇನ್ನೊಂದು ಹೋಮ್ ರನ್‌ನಿಂದ 6-5ಕ್ಕೆ ಪಂದ್ಯ ಮುಗಿಸಿದರು.

ಪಟ್ಟಿಯ ತಳದಲ್ಲಿರುವ ತಂಡಕ್ಕೂ ಒಂದು ಪುಟ ಮೀಸಲಿಡಿ. 2023ರಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ 50 ಗೆದ್ದು 112 ಸೋತಿತು, ಮಾಲೀಕರು ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ಹೊರಟಿದ್ದರು. ಜೂನ್ 13ರಂದು ತಂಡವನ್ನು ಮಾರಿಬಿಡಿ ಎಂದು ಒತ್ತಾಯಿಸಿ ಅಭಿಮಾನಿಗಳೇ ಕರೆಕೊಟ್ಟು 27,759 ಜನ ಕ್ರೀಡಾಂಗಣಕ್ಕೆ ಬಂದರು, ಮತ್ತು ಆ ರಾತ್ರಿ ಅಥ್ಲೆಟಿಕ್ಸ್ ಟ್ಯಾಂಪಾ ಬೇ ರೇಸ್ ತಂಡವನ್ನು 2-1ರಿಂದ ಸೋಲಿಸಿ ಸತತ ಏಳನೆಯ ಪಂದ್ಯ ಗೆದ್ದಿತು.